ಉಯ್ಯಾಲೆಯಿಂದ ಬಿದ್ದವಳು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದ ಹಿರಿಯರು, ಮದುವೆ ಮುಗಿದ ಮೇಲೆ ಆ ಸುಳ್ಳುಗಳನ್ನು ಎಲ್ಲಿ ಬಿಸಾಕಬೇಕು ಎಂಬುದನ್ನು ಮಾತ್ರ ಹೇಳದೆ ಹೋದರು. ಶ್ರೀವಿದ್ಯಾಳ ಮದುವೆಗೆ ಸಾವಿರವೇನೂ ಬೇಕಾಗಲಿಲ್ಲ, ಒಂದೇ ಸಾಕಾಯಿತು. ಹೆಣ್ಣು ನೋಡಲು ಬಂದವರ ಮುಂದೆ ಅವಳ ಅಪ್ಪ ಉಪ್ಪಿಟ್ಟಿನ ತಟ್ಟೆ ಸರಿಸುತ್ತಾ, "ಚಿಕ್ಕೋಳಿದ್ದಾಗ ಉಯ್ಯಾಲೆಯಿಂದ ಬಿದ್ಲು. ಎಡಗಾಲಿನ ಮೂಳೆ ಸರಿಯಾಗಿ ಕೂಡ್ಲಿಲ್ಲ, ಅಷ್ಟೇ" ಎಂದರು. ಗಂಡಿನ ಕಡೆಯವರು ತಲೆಯಾಡಿಸಿ ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕಿದರು. ಗಂಡು ಚಕ್ರಪಾಣಿ ಮಾತ್ರ ಒಮ್ಮೆ ಅವಳ ಕಾಲಿನ ಕಡೆ ನೋಡಿ, ಕೂಡಲೇ ಮುಖ ನೋಡಿದ. ಅಷ್ಟಕ್ಕೇ ಅವಳಿಗೆ ಅವನು ಒಳ್ಳೆಯವನು ಅನ್ನಿಸಿಬಿಟ್ಟಿತು, ಮತ್ತು ಅದೇನೂ ಸುಳ್ಳಾಗಿರಲಿಲ್ಲ.

ಸುಳ್ಳು ಇದ್ದದ್ದು ಉಯ್ಯಾಲೆಯಲ್ಲಿ. ಮೈಸೂರಿನ ಚಾಮುಂಡಿಪುರದ ಆ ವಠಾರದ ಮನೆಯಲ್ಲಿ ಉಯ್ಯಾಲೆ ತೂಗುಹಾಕುವಷ್ಟು ಜಾಗವೇ ಇರಲಿಲ್ಲ. ಆಗಿದ್ದು ಇಷ್ಟು: ಶ್ರೀವಿದ್ಯಾ ಆಗಷ್ಟೇ ಓಡಲು ಕಲಿತಿದ್ದಾಗ ಒಂದು ಜ್ವರ ಬಂತು, ಜ್ವರ ಇಳಿಯಿತು, ಕಾಲೂ ಇಳಿಯಿತು. ದೊಡ್ಡಾಸ್ಪತ್ರೆಯ ಡಾಕ್ಟರು ಪೋಲಿಯೋ ಎಂದರು. ಆ ಹೆಸರನ್ನು ಅವಳ ತಾಯಿ ಆಸ್ಪತ್ರೆಯ ಮೆಟ್ಟಿಲಲ್ಲೇ ಬಿಟ್ಟು ಬಂದರು. ಮನೆಯಲ್ಲಿ ಇನ್ನೂ ಹೆಣ್ಣುಮಕ್ಕಳಿದ್ದರು. ಅದು ಮೈಯಿಂದ ಮೈಗೆ ಬರುತ್ತದೆ, ಮಕ್ಕಳಿಗೂ ಬರುತ್ತದೆ ಎಂದೆಲ್ಲ ಜನ ಆಡಿಕೊಳ್ಳುತ್ತಿದ್ದ ಕಾಲ. ಹಾಗಾಗಿ ಇಲ್ಲದ ಉಯ್ಯಾಲೆಯೊಂದು ಇಲ್ಲದ ತೊಲೆಗೆ ತೂಗುಬಿತ್ತು.

ತಾಯಿ ಮಾತ್ರ ಸುಳ್ಳಿಗೆ ಬಿಟ್ಟುಕೊಟ್ಟು ಸುಮ್ಮನೆ ಕೂರಲಿಲ್ಲ. ದಿನವೂ ಬಿಸಿ ಎಣ್ಣೆ ತಿಕ್ಕಿ, ಹಜಾರದ ಕೆಂಪು ಗಾರೆ ನೆಲದ ಮೇಲಿನ ಗೆರೆ ಹಿಡಿದು ಮಗಳನ್ನು ನಡೆಸಿದರು. ನೋವು ಎಂದರೆ, "ಕಾಲಿಗೆ ಸೋಮಾರಿತನ ಕಲಿಸ್ಬೇಡ. ನಡೆದಷ್ಟೂ ಬರುತ್ತೆ" ಎನ್ನುತ್ತಿದ್ದರು. ದೊಡ್ಡವಳಾದ ಮೇಲೆ ಸೀರೆಯ ನೆರಿಗೆಯನ್ನು ಎಡಗಡೆ ಒಂದು ಬೆರಳು ಇಳಿಸಿ ಉಡುವುದನ್ನು ಕಲಿಸಿದರು. ಆ ಪಾಠ ಎಷ್ಟು ಚೆನ್ನಾಗಿ ಹತ್ತಿತೆಂದರೆ, ಕಾಲೇಜಿನಲ್ಲಿ ಜೊತೆಗೆ ಕೂತ ಗೆಳತಿಯರೇ ಅವಳ ಚಪ್ಪಲಿಯ ಹೆಜ್ಜೆಯಲ್ಲೇನೋ ವ್ಯತ್ಯಾಸವಿದೆ ಎಂದು ತಿಳಿಯಲು ವರ್ಷ ತೆಗೆದುಕೊಂಡರು. ಅಂಗವಿಕಲೆ ಎನ್ನಿಸಿಕೊಳ್ಳದೆ ಇರುವುದೇ ಶ್ರೀವಿದ್ಯಾಳ ಜೀವಮಾನದ ದುಡಿಮೆಯಾಯಿತು. ಆ ದುಡಿಮೆಗೆ ರಜೆಯೂ ಇಲ್ಲ, ನಿವೃತ್ತಿಯೂ ಇಲ್ಲ.

ಮದುವೆಯಾಗಿ ಕೆಲ ವರ್ಷಕ್ಕೆ ಚಕ್ರಪಾಣಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿತು. ಈಗ ಅವನು ಸಿಯಾಟಲ್ ಬಳಿಯ ಫ್ಯಾಕ್ಟೋರಿಯಾದ ಒಂದು ಟೆಲಿಕಾಂ ಆಫೀಸಿನಲ್ಲಿ ಮ್ಯಾನೇಜರು. ಮನೆ ಪಕ್ಕದ ರೆಡ್ಮಂಡಿನ ಎಜುಕೇಶನ್ ಹಿಲ್ ಎಂಬ ಬೆಟ್ಟದ ಮೇಲೆ. ಮಗಳು ಜಾಹ್ನವಿ ಹುಟ್ಟಿದ್ದು ಇಲ್ಲೇ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಜವಾಬು ಮಾತ್ರ ಇಂಗ್ಲಿಷಿನಲ್ಲಿ. ಅವಳಿಗೆ ಸಿಯಾಟಲ್ಲಿನ ಫ್ರೀಮಾಂಟಿನಲ್ಲಿ ಕೆಲಸ. ಅಲ್ಲಿಯೇ ಜೊತೆಗಾರನಾಗಿದ್ದ ಸುಹಾಸನನ್ನು ಒಪ್ಪಿಕೊಂಡಳು. ಅವನೂ ಕನ್ನಡದವನೇ ಎಂದು ಗೊತ್ತಾದಾಗ ಅಪ್ಪ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದರು. ಬರುವ ಬೇಸಿಗೆಯಲ್ಲಿ ಮದುವೆ ಎಂದು ನಿಶ್ಚಯವಾಗಿತ್ತು.

ಶ್ರೀವಿದ್ಯಾ ಆ ಬೆಟ್ಟದ ಕನ್ನಡದ ಮನೆಗಳಿಗೆಲ್ಲ ಹೋಳಿಗೆಯ ಶ್ರೀವಿದ್ಯಾ. ಯುಗಾದಿ ಬಂದರೆ, ಗೌರಿ ಬಂದರೆ, ಅವಳ ಅಡುಗೆಮನೆಯ ಕಾವಲಿ ಆರುತ್ತಿರಲಿಲ್ಲ. ನಿಂತೇ ಕಣಕ ನಾದಿ, ನಿಂತೇ ತಟ್ಟಿ, ನಿಂತೇ ಬೇಯಿಸುವ ಕೆಲಸ. ಸ್ಟೂಲ್ ಹಾಕಿಕೋ ಎಂದರೆ, ಕೂತು ಮಾಡಿದ ಹೋಳಿಗೆ ದಪ್ಪವಾಗುತ್ತದೆ ಎನ್ನುವಳು. ಅದು ಹೋಳಿಗೆಯ ಶಾಸ್ತ್ರವಲ್ಲ, ಅಮ್ಮನ ಶಾಸ್ತ್ರ.

ತೊಂದರೆ ಶುರುವಾದದ್ದು ಮಗಳ ಮದುವೆ ಮಾತು ಶುರುವಾದ ಚಳಿಗಾಲದಲ್ಲಿ. ಮಧ್ಯಾಹ್ನವಾಗುವಷ್ಟರಲ್ಲಿ ಎಡಗಾಲು ಒದ್ದೆ ಗೋಣಿಚೀಲದ ಹಾಗೆ ಭಾರ. ಎರಡೆರಡು ಕಾಲುಚೀಲ ಹಾಕಿದರೂ ಪಾದ ನೀಲಿಗಟ್ಟಿ ತಣ್ಣಗಿರುತ್ತಿತ್ತು. ಆಮೇಲೆ ಬಲಗಾಲೂ ನಡುಗತೊಡಗಿತು, ಅದುವರೆಗೆ ಯಾವ ದೂರೂ ಹೇಳದೆ ಎರಡರ ಕೆಲಸ ಮಾಡಿದ ಬಲಗಾಲು. ಮಹಡಿ ಮೆಟ್ಟಿಲನ್ನು ಅವಳು ಕೂತುಕೊಂಡೇ ಹತ್ತುತ್ತಿದ್ದಳು, ಮನೆಯಲ್ಲಿ ಯಾರೂ ಇಲ್ಲದಾಗ. ಅವಳಿಗೆ ಇದ್ದ ಭಯ ಒಂದೇ. ಮಗಳನ್ನು ಧಾರೆ ಎರೆಯುವಾಗ ಗಂಡನ ಪಕ್ಕ ನಿಂತು ನೀರು ಬಿಡಬೇಕಾದವಳು ತಾಯಿ. ಅಷ್ಟು ಹೊತ್ತು ತನ್ನ ಕಾಲ ಮೇಲೆ ತಾನು ನಿಂತರೆ ಸಾಕು, ಆಮೇಲೆ ಕಾಲು ಏನಾದರೂ ಆಗಲಿ ಎಂದು ಅವಳು ಚಾಮುಂಡಿಗೆ ಹರಕೆ ಹೊತ್ತಳು.

ಗಂಡನಿಗೆ ಹೇಳಿದಾಗ ಅವನು ಅದೇ ವಾರ ಆಸ್ಪತ್ರೆಗೆ ಕರೆದುಕೊಂಡು ಹೋದ. ಅದರಲ್ಲೆಲ್ಲ ಚಕ್ರಪಾಣಿಯನ್ನು ದೂರುವಂತಿಲ್ಲ. ರಜೆ ಹಾಕಿದ, ಕಾರು ಬಾಗಿಲಿಗೇ ತಂದ, ಅವಳ ಕೋಟಿನ ಜಿಪ್ಪು ಏರಿಸಿದ. ಡಾಕ್ಟರ ಕೋಣೆಯಲ್ಲಿ ಮಾತಾಡುವುದನ್ನೂ ತಾನೇ ವಹಿಸಿಕೊಂಡ. ನಮ್ಮಲ್ಲಿ ಇದು ಪ್ರೀತಿಯ ಒಂದು ಭಾಗ, ಹೆಂಡತಿಯ ಪರ್ಸು ಹಿಡಿದುಕೊಂಡ ಹಾಗೆ ಅವಳ ನೋವನ್ನೂ ಹಿಡಿದುಕೊಂಡು ಕೂರುವುದು. ಶ್ರೀವಿದ್ಯಾಳಿಗೆ ಇಂಗ್ಲಿಷ್ ಬಾರದೆ ಏನಿಲ್ಲ, ಬಿ.ಎ. ಮಾಡಿದವಳು. ಆದರೆ ಬಿಳಿ ಕೋಟು ಕಂಡರೆ ಅವಳ ಇಂಗ್ಲಿಷು ಕಟ್ಟಿಹೋಗುತ್ತಿತ್ತು, ಅದು ಬಿಚ್ಚಿಕೊಳ್ಳುವ ಮೊದಲೇ ಚಕ್ರಪಾಣಿ ಉತ್ತರ ಮುಗಿಸಿರುತ್ತಿದ್ದ.

ಡಾಕ್ಟರು ಇನ್ನೂ ಮೀಸೆ ಸರಿಯಾಗಿ ಬಾರದ ಯುವಕ. ಅವನ ಒಂದು ಕಣ್ಣು ಕಂಪ್ಯೂಟರಿನ ಮೇಲೆ, ಇನ್ನೊಂದು ಚಕ್ರಪಾಣಿಯ ಮೇಲೆ. ಹಿಂದೆ ಏನಾದರೂ ದೊಡ್ಡ ಕಾಯಿಲೆ ಆಗಿತ್ತೇ ಎಂದು ಕೇಳಿದ.

"ನೋ, ನೋ. ಚೈಲ್ಡ್‌ಹುಡ್ ಫಾಲ್. ಫ್ರಮ್ ಎ ಸ್ವಿಂಗ್" ಎಂದ ಚಕ್ರಪಾಣಿ.

ಶ್ರೀವಿದ್ಯಾ ಬಾಯಿ ತೆರೆದಳು. ಆ ಇನ್ನೊಂದು ಹೆಸರು ಗಂಟಲಿನವರೆಗೆ ಬಂದಿತ್ತು. ಗಂಡನ ಮುಂದೆ ಈಗ, ಇಷ್ಟು ವರ್ಷದ ಮೇಲೆ, ನಿಮಗೆ ಸುಳ್ಳು ಹೇಳಿ ನನ್ನನ್ನು ಕೊಟ್ಟರು ಎಂದು ಹೇಗೆ ಹೇಳುವುದು? ಅಪ್ಪ ತೀರಿಹೋಗಿದ್ದಾರೆ. ಸತ್ತವರನ್ನು ಒಬ್ಬ ಅಮೆರಿಕದ ಹುಡುಗನ ಎದುರು ಸುಳ್ಳುಗಾರರೆಂದು ನಿಲ್ಲಿಸುವುದೇ? ಬಾಯಿ ಮುಚ್ಚಿದಳು. ಡಾಕ್ಟರು ಟೈಪ್ ಮಾಡಿಕೊಂಡ.

ಎಕ್ಸ್‌ರೇ ತೆಗೆದರು. ಅದನ್ನು ನೋಡಿ ಡಾಕ್ಟರು ಖುಷಿಪಟ್ಟ. ಮೂಳೆ ಎಷ್ಟು ಚೆನ್ನಾಗಿ ಕೂಡಿಕೊಂಡಿದೆಯೆಂದರೆ ಮುರಿದ ಗುರುತೇ ಕಾಣುತ್ತಿಲ್ಲ, ಇಂಡಿಯಾದಲ್ಲಿ ಆ ಕಾಲಕ್ಕೇ ಎಂಥ ಒಳ್ಳೆಯ ವೈದ್ಯರಿದ್ದರು ಎಂದು ಹೊಗಳಿದ. ಚಕ್ರಪಾಣಿ ಥ್ಯಾಂಕ್ಯೂ ಎಂದ. ಸೀರೆಯನ್ನೋ ಪ್ಯಾಂಟನ್ನೋ ಮಂಡಿಯವರೆಗೆ ಎತ್ತಿಸಿ, ಎರಡು ಮೀನಖಂಡಗಳನ್ನು ಪಕ್ಕಪಕ್ಕ ಇಟ್ಟು ನೋಡುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅವಳು ಎಂದಿನಂತೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿ, ಕುಂಕುಮವಿಟ್ಟು, ನಗುಮುಖ ಮಾಡಿಕೊಂಡು ಕೂತಿದ್ದಳು. ಡಾಕ್ಟರ ಹತ್ತಿರ ಹೋಗುವಾಗ ನೀಟಾಗಿ ಹೋಗಬೇಕು ಎಂಬುದೂ ಅಮ್ಮನ ಪಾಠವೇ.

"ನೋವು ಹೇಗಿದೆ ಕೇಳ್ತಿದಾರೆ, ಹೇಳು ಶ್ರೀ" ಎಂದ ಚಕ್ರಪಾಣಿ.

"ನೋವಲ್ಲ ರೀ. ಕಾಲು ಸಾಯ್ತಾ ಇದೆ ಅನ್ಸುತ್ತೆ. ಒಳಗಿಂದ ಯಾರೋ ದೀಪ ಆರಿಸ್ಕೊಂಡು ಬರ್ತಾ ಇದಾರೆ ಅನ್ನೋ ಹಾಗೆ."

ಚಕ್ರಪಾಣಿ ಡಾಕ್ಟರ ಕಡೆ ತಿರುಗಿ, "ಶಿ ಹ್ಯಾಸ್ ಸಮ್ ಟಯರ್ಡ್‌ನೆಸ್" ಎಂದ.

ಅವನು ಬೇಕೆಂದು ಮಾಡಿದ್ದಲ್ಲ. ಆಫೀಸಿನಲ್ಲಿ ದಿನಬೆಳಗಾದರೆ ಅವನ ಕೆಲಸ ಅದೇ. ಕೆಳಗಿನವರು ಹತ್ತು ನಿಮಿಷ ಗೋಳಾಡಿದ್ದನ್ನು ಮೇಲಿನವರಿಗೆ ಒಂದು ಸಾಲಿನಲ್ಲಿ ಒಪ್ಪಿಸಬೇಕು, ಆ ಸಾಲಿನಲ್ಲಿ ಗಾಬರಿ ಇರಬಾರದು. ಪ್ರಾಜೆಕ್ಟು ಮುಳುಗುತ್ತಿದ್ದರೂ ವರದಿಯಲ್ಲಿ ಎಲ್ಲ ಸರಿಯಿದೆ ಎಂಬ ಹಸಿರು ಬಣ್ಣ ಹಚ್ಚಿ ತೋರಿಸುವ ಜಾತಿ. ಹೆಂಡತಿಯ ಕಾಲಿಗೂ ಅದೇ ಬಣ್ಣ ಹಚ್ಚಿದ.

ತೀರ್ಪು ಬಂತು: ಸ್ನಾಯು ಬಳಸದೆ ಸೋತಿದೆ, ವ್ಯಾಯಾಮ ಬೇಕು, ಮನಸ್ಸೂ ಸ್ವಲ್ಪ ಕುಗ್ಗಿರಬಹುದು. ಒಂದು ಮನಸ್ಸಿನ ಮಾತ್ರೆ ಮತ್ತು ವಾರವಾರ ಫಿಸಿಯೋಥೆರಪಿ. ಕಾಲಿಗೆ ಸೋಮಾರಿತನ ಕಲಿಸಬೇಡ ಎಂದು ಚಾಮುಂಡಿಪುರದಲ್ಲಿ ಕೇಳಿದ ಮಾತು ಇಂಗ್ಲಿಷಿನಲ್ಲಿ ಮತ್ತೆ ಕಿವಿಗೆ ಬಿದ್ದಾಗ ಶ್ರೀವಿದ್ಯಾ ಅದನ್ನು ನಂಬಿದಳು. ನಂಬದೆ ಏನು ಮಾಡುತ್ತಾಳೆ? ಅಮ್ಮನೂ ಅಮೆರಿಕವೂ ಒಂದೇ ಮಾತು ಹೇಳುತ್ತಿವೆ.

ಶ್ರೀವಿದ್ಯಾ ಸ್ಕೂಲ್ ಮೇಷ್ಟ್ರ ಮಗಳು. ಹೋಂವರ್ಕ್ ಬಿಟ್ಟವಳಲ್ಲ. ಫಿಸಿಯೋದ ಹೆಂಗಸು ಕಾಲಿಗೆ ರಬ್ಬರಿನ ಪಟ್ಟಿ ಕಟ್ಟಿ ಎಳೆಯಲು ಹೇಳಿದರೆ ಹೇಳಿದ್ದಕ್ಕಿಂತ ಹೆಚ್ಚೇ ಎಳೆದಳು. ಆ ಹೆಂಗಸು ಚಪ್ಪಾಳೆ ತಟ್ಟಿ, ನೀವು ರಾಕ್‌ಸ್ಟಾರ್ ಎಂದಳು. ಸಂಜೆ ಆಫೀಸು ಮುಗಿಸಿ ಬಂದ ಚಕ್ರಪಾಣಿ ಷೂ ಬಿಚ್ಚದೆ ಅವಳನ್ನು ವಾಕಿಂಗಿಗೆ ಹೊರಡಿಸುತ್ತಿದ್ದ. ಎಜುಕೇಶನ್ ಹಿಲ್ಲಿನಲ್ಲಿ ಯಾವ ಕಡೆ ಹೊರಟರೂ ವಾಪಸು ಬರುವಾಗ ಏರು. ಜಿನುಗು ಮಳೆಯಲ್ಲಿ ಅವಳ ಮೊಣಕೈ ಹಿಡಿದು, "ಇನ್ನೊಂಚೂರು ಶ್ರೀ, ಆ ಮೇಲ್‌ಬಾಕ್ಸ್ ತನಕ" ಎನ್ನುತ್ತಿದ್ದ. ಮೇಲ್‌ಬಾಕ್ಸ್ ಬಂದರೆ, "ಆ ನೀಲಿ ಕಾರಿನ ತನಕ" ಎನ್ನುತ್ತಿದ್ದ.

"ಮಾಡಿದಷ್ಟೂ ಕಾಲು ಕಮ್ಮಿ ಆಗ್ತಾ ಇದೆ ರೀ. ಹೆಚ್ಚಾಗ್ತಾ ಇಲ್ಲ" ಎಂದಳು ಒಂದು ಸಂಜೆ, ಯಾರದೋ ಬೇಲಿ ಹಿಡಿದು ನಿಂತು.

"ಶುರುನಲ್ಲಿ ಹಾಗೇ ಆಗೋದು. ಪುಷ್ ಮಾಡ್ಬೇಕು."

ಮುಂದಿನ ಭೇಟಿಯಲ್ಲಿ ಅವಳು ಧೈರ್ಯ ಮಾಡಿ ತಾನೇ ಇಂಗ್ಲಿಷಿನಲ್ಲಿ ಹೇಳಿದಳು, ವ್ಯಾಯಾಮ ಮಾಡಿದರೆ ಕೆಟ್ಟದಾಗುತ್ತಿದೆ ಎಂದು. ಡಾಕ್ಟರು ಅವಳ ಮಾತು ಮುಗಿಯುವವರೆಗೆ ಕಾದ, ಕಾದು ಚಕ್ರಪಾಣಿಯ ಕಡೆ ನೋಡಿದ. ಚಕ್ರಪಾಣಿ, "ಚಾಲೆಂಜಿಂಗ್, ಬಟ್ ಇಂಪ್ರೂವಿಂಗ್" ಎಂದ. ಡಾಕ್ಟರು ಮಾತ್ರೆಯನ್ನು ಸ್ವಲ್ಪ ಹೆಚ್ಚಿಸಿದ. ಅವತ್ತು ಕಾರಿನಲ್ಲಿ ಶ್ರೀವಿದ್ಯಾ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಅಳು ಕಂಡು ಚಕ್ರಪಾಣಿ, ಮಾತ್ರೆ ಹೆಚ್ಚಿಸಿದ್ದು ಒಳ್ಳೆಯದೇ ಆಯಿತು ಎಂದುಕೊಂಡ.

ಯುಗಾದಿಯ ಹಿಂದಿನ ದಿನ ಅವಳು ಬಿದ್ದಳು. ಕಾವಲಿಯ ಮೇಲೊಂದು ಹೋಳಿಗೆ, ಕೈಯಲ್ಲಿ ಮೊಗಚುವ ಕೈ. ಏನೂ ಎಡವಲಿಲ್ಲ, ಏನೂ ಜಾರಲಿಲ್ಲ. ಕಾಲುಗಳು ಇದ್ದಕ್ಕಿದ್ದ ಹಾಗೆ ಅಲ್ಲಿ ಇರಲಿಲ್ಲ. ಹೋಳಿಗೆ ಸೀದು ಮನೆಯ ತುಂಬ ಹೊಗೆಯಾಗಿ, ಅಲಾರಂ ಕಿರುಚಿಕೊಳ್ಳುತ್ತಿದ್ದರೂ ಅವಳಿಂದ ಏಳಲಾಗಲಿಲ್ಲ. ಮೇಲೆ ಕೋಣೆಯಲ್ಲಿ ಮೀಟಿಂಗಿನಲ್ಲಿದ್ದ ಜಾಹ್ನವಿ ಓಡಿ ಬಂದು, "ಅಮ್ಮಾ! ವಾಟ್ ಹ್ಯಾಪನ್ಡ್?" ಎಂದು ಕೂಗಿದಳು. ಚಿಕ್ಕಂದಿನಿಂದ ಬಿದ್ದವಳೆಂದು ಹೇಳಿಸಿಕೊಂಡು ಬಂದವಳು ನಿಜಕ್ಕೂ ಬಿದ್ದದ್ದು ಅದೇ ಮೊದಲು. ನೆಲದ ಮೇಲಿಂದ ಅವಳಿಗೆ ಯಾಕೋ ನಗು ಬಂತು, ಮಗಳಿಗೆ ಅದನ್ನು ಕಂಡು ಇನ್ನಷ್ಟು ಭಯವಾಯಿತು.

ಆ ಬೀಳುವಿಕೆಯ ಪುಣ್ಯದಿಂದ ಸಿಯಾಟಲ್ಲಿನ ದೊಡ್ಡ ಡಾಕ್ಟರೊಬ್ಬರನ್ನು ಕಾಣಲು ಚೀಟಿ ಸಿಕ್ಕಿತು. ಡಾಕ್ಟರ್ ಲಿಂಡ್‌ಸ್ಟ್ರಾಮ್, ತಲೆ ಪೂರ್ತಿ ಬೆಳ್ಳಗಾದ ಹೆಂಗಸು. ಸರೋವರದ ಮೇಲಿನ ತೇಲುಸೇತುವೆ ದಾಟುವಾಗ ಚಕ್ರಪಾಣಿ, "ಏನೂ ಟೆನ್ಷನ್ ಮಾಡ್ಕೋಬೇಡ, ನಾನು ಎಲ್ಲಾ ಎಕ್ಸ್‌ಪ್ಲೇನ್ ಮಾಡ್ತೀನಿ" ಎಂದ. ಅವಳಿಗೆ ಮೈ ಬಿಸಿಯಾಯಿತು. ಇವನು ಇಂದೂ ಉಯ್ಯಾಲೆಯನ್ನು ತೂಗುಹಾಕುತ್ತಾನೆ. ಈ ಡಾಕ್ಟರೂ ಮುರಿಯದ ಮೂಳೆಯನ್ನು ಹೊಗಳಿ ಕಳಿಸುತ್ತಾರೆ. ಆಮೇಲೆ ಮೇಲ್‌ಬಾಕ್ಸಿನ ತನಕ, ನೀಲಿ ಕಾರಿನ ತನಕ.

ಆಸ್ಪತ್ರೆಗಳ ರಿಸೆಪ್ಷನ್ನಿನಲ್ಲೆಲ್ಲ ಒಂದು ದೊಡ್ಡ ಹಾಳೆ ಅಂಟಿಸಿರುತ್ತಾರೆ. ಲೋಕದ ಭಾಷೆಗಳಲ್ಲೆಲ್ಲ ಒಂದೇ ಸಾಲು: ನಿಮ್ಮ ಭಾಷೆಯನ್ನು ಬೆರಳಿಟ್ಟು ತೋರಿಸಿ, ದುಭಾಷಿಯನ್ನು ಕರೆಸುತ್ತೇವೆ. ಇಲ್ಲಿನ ಹಾಳೆಯ ಕೆಳತುದಿಯಲ್ಲಿ ಕನ್ನಡದ ಸಾಲೂ ಇತ್ತು. ಚಕ್ರಪಾಣಿ ವಿಮೆಯ ಕಾರ್ಡು ತೆಗೆಯಲು ಜೇಬು ತಡಕುತ್ತಿದ್ದಾಗ ಶ್ರೀವಿದ್ಯಾ ಕೌಂಟರಿನ ಮೇಲೆ ಭಾರ ಹಾಕಿ, ಕೈ ಚಾಚಿ, ಆ ಸಾಲಿನ ಮೇಲೆ ಬೆರಳಿಟ್ಟಳು.

"ನೋ ನೀಡ್, ಐ ಆಮ್ ಹಿಯರ್" ಎಂದ ಚಕ್ರಪಾಣಿ ನಕ್ಕು.

ಅವಳು ಬೆರಳು ತೆಗೆಯಲಿಲ್ಲ. "ಒಬ್ಬಳೇ ಹೋಗ್ತೀನಿ ರೀ" ಎಂದಳು. ಅವನ ನಗು ಮುಖದ ಮೇಲೇ ಸ್ವಲ್ಪ ಹೊತ್ತು ನಿಂತು, ಆಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹೋಯಿತು. ಅವನು ಹೊರಗಿನ ಕುರ್ಚಿಯಲ್ಲಿ ಅವಳ ಪರ್ಸು ಹಿಡಿದು ಕೂತ.

ದುಭಾಷಿ ಬಂದದ್ದು ಫೋನಿನಲ್ಲಿ. ಯಾವ ಊರಿನಲ್ಲಿ ಕೂತಿದ್ದಳೋ, ಧಾರವಾಡದ ಕಡೆಯ ಹೆಣ್ಣುಮಗಳ ಧ್ವನಿ. "ನಮಸ್ಕಾರ್ರೀ. ನೀವು ಏನ್ ಹೇಳ್ತೀರಿ ಅದನ್ನ ಹೆಂಗದ ಹಂಗ ಡಾಕ್ಟರಿಗೆ ಹೇಳ್ತೀನಿ. ಏನೂ ಬಿಡಂಗಿಲ್ಲ, ಏನೂ ಕೂಡಸಂಗಿಲ್ಲ. ನೀವು ಡಾಕ್ಟರ ಜೋಡಿನ ಮಾತಾಡ್ರಿ."

ಏನೂ ಬಿಡುವುದಿಲ್ಲ ಎಂಬ ಮಾತನ್ನು ಶ್ರೀವಿದ್ಯಾ ಒಳಗೇ ಒಮ್ಮೆ ಹೇಳಿಕೊಂಡಳು. ಸ್ವಲ್ಪ ನೀರು ಕುಡಿದು, ಫೋನಿನ ಕಡೆಯಲ್ಲ, ಡಾಕ್ಟರ ಕಡೆ ನೋಡಿ ಹೇಳಿದಳು. "ನಾನು ಯಾವತ್ತೂ ಉಯ್ಯಾಲೆಯಿಂದ ಬಿದ್ದಿಲ್ಲ. ನಮ್ಮನೇಲಿ ಉಯ್ಯಾಲೆನೇ ಇರ್ಲಿಲ್ಲ. ನಂಗೆ ಪೋಲಿಯೋ ಆಗಿತ್ತು."

"ಐ ನೆವರ್ ಫೆಲ್" ಎಂದಿತು ಫೋನು. "ಐ ಹ್ಯಾಡ್ ಪೋಲಿಯೋ." ಅಪರಿಚಿತ ಧ್ವನಿಯೊಂದು ನಾನು, ನನಗೆ ಎಂದು ತನ್ನ ಮಾತನ್ನೇ ಆಡುವುದನ್ನು ಕೇಳಿ ಅವಳಿಗೆ ಮೈ ಜುಮ್ಮೆಂದಿತು.

ಡಾಕ್ಟರ್ ಲಿಂಡ್‌ಸ್ಟ್ರಾಮ್ ಕಂಪ್ಯೂಟರನ್ನು ಪಕ್ಕಕ್ಕೆ ತಿರುಗಿಸಿಟ್ಟರು. ಕುರ್ಚಿ ಎಳೆದುಕೊಂಡು ಬಂದು, ಅನುಮತಿ ಕೇಳಿ, ಅವಳ ಎರಡೂ ಕಾಲುಗಳನ್ನು ತಮ್ಮ ಮಡಿಲಿನ ಮೇಲಿಟ್ಟುಕೊಂಡು ಒಂದೊಂದು ಕೈಯಲ್ಲಿ ಒಂದೊಂದು ಮೀನಖಂಡ ಹಿಡಿದರು. ಮುಟ್ಟಿದ ಕ್ಷಣಕ್ಕೇ ಅವರಿಗೆ ತಿಳಿಯಿತೆಂದು ಶ್ರೀವಿದ್ಯಾಳಿಗೂ ತಿಳಿಯಿತು. ಆಮೇಲೆ ಅವರು ಕೇಳುತ್ತಾ ಹೋದರು, ಇವಳು ಹೇಳುತ್ತಾ ಹೋದಳು. ಎಣ್ಣೆ, ಕೆಂಪು ನೆಲದ ಗೆರೆ, ಒಂದು ಬೆರಳು ಇಳಿದ ನೆರಿಗೆ, ಕೂತುಕೊಂಡು ಹತ್ತುವ ಮೆಟ್ಟಿಲು, ದೀಪ ಆರಿಸಿಕೊಂಡು ಬರುವವರು. ಧಾರವಾಡದ ಹುಡುಗಿ ದೀಪವನ್ನೂ ಬಿಡಲಿಲ್ಲ. ಇಡೀ ಜೀವಮಾನದಲ್ಲಿ ಯಾರೂ ತನ್ನ ಮಾತನ್ನು ಇಷ್ಟು ಹೊತ್ತು ಕೇಳಿಸಿಕೊಂಡಿರಲಿಲ್ಲ ಎಂದು ಶ್ರೀವಿದ್ಯಾಳಿಗೆ ಅನ್ನಿಸಿತು. ಹಗುರವಾಯಿತು. ಆ ಹಗುರ ಡಾಕ್ಟರು ಮಾತು ಶುರುಮಾಡುವವರೆಗೆ ಮಾತ್ರ ಇತ್ತು.

ಡಾಕ್ಟರು ಹೇಳಿದ್ದು ಇದು. ಆ ಜ್ವರದಲ್ಲಿ ಎಷ್ಟೋ ನರಗಳು ಸತ್ತವು. ಉಳಿದವು ಸತ್ತವುಗಳ ಪಾಲಿನ ಕೆಲಸವನ್ನೂ ಹೊತ್ತುಕೊಂಡು ಇಷ್ಟು ವರ್ಷ ದುಡಿದವು. ಈಗ ಅವೂ ದಣಿದು ಬೀಳುತ್ತಿವೆ. ಪೋಲಿಯೋ ಆದವರಿಗೆ ದಶಕಗಳ ನಂತರ ಹೀಗಾಗುವುದುಂಟು. ಇಂಥ ಕಾಲಿಗೆ ಬೇಕಾದದ್ದು ವಿಶ್ರಾಂತಿ. ದಣಿದದ್ದನ್ನು ಹೀಗೆ ಮಿತಿಮೀರಿ ದುಡಿಸಿದರೆ ಇರುವುದೂ ಹೋಗುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ಕಾಲಿಗೆ ಆಸರೆಯ ಪಟ್ಟಿ, ಮತ್ತು ಗಾಲಿಕುರ್ಚಿ.

"ಮೊದಲೇ ಹೇಳಿದ್ರೆ?" ಎಂದು ಕೇಳಿದಳು ಶ್ರೀವಿದ್ಯಾ. "ಆ ವ್ಯಾಯಾಮ ಮಾಡದೆ ಇದ್ದಿದ್ರೆ?"

ಡಾಕ್ಟರು ಉತ್ತರ ಕೊಟ್ಟರು. "ಅಕ್ಕಾರ, ಇದ್ದದ್ದು ಇದ್ದಂಗ ಹೇಳ್ಬೇಕ್ರಿ ನಾನು" ಎಂದಿತು ಫೋನು. "ಭಾಳಷ್ಟು ಉಳೀತಿತ್ತು ಅಂತಾರ್ರಿ. ಆದ್ರ ಅದು ನಿಮ್ಮ ತಪ್ಪಲ್ಲಂತ. ಕಾಲು ಮುಟ್ಟಿ ನೋಡಿದ್ರ ಯಾರಿಗರ ತಿಳೀತಿತ್ತು, ಮೊದಲಿನ ಡಾಕ್ಟರು ಮುಟ್ಟಿ ನೋಡ್ಬೇಕಿತ್ತು ಅಂತಾರ."

ತಪ್ಪು ಯಾರದ್ದಾದರೇನು, ಕಾಲು ಯಾರದ್ದು? ಅವಳು ಕೊನೆಯದಾಗಿ ಒಂದೇ ಕೇಳಿದಳು, ಮಗಳ ಧಾರೆಯ ಹೊತ್ತಿಗೆ ನಿಂತು ನೀರು ಬಿಡಬಹುದೇ ಎಂದು. ಧಾರೆ ಎಂದರೇನೆಂದು ದುಭಾಷಿ ಡಾಕ್ಟರಿಗೆ ವಿವರಿಸಬೇಕಾಯಿತು. ಕೇಳಿದ ಡಾಕ್ಟರು ಅವಳ ಕಾಲುಗಳನ್ನು ಮಡಿಲಿನಿಂದ ಮೆಲ್ಲಗೆ ಇಳಿಸಿ, ಕೂತು ಬಿಡಿ ಎಂದರು.

ವಾಪಸು ಬರುವಾಗ ಸೇತುವೆಯ ಮೇಲೆ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಹೇಳಿ ಮುಗಿಸಿದ್ದಳು, ಪೋಲಿಯೋ ಎಂಬ ಮಾತನ್ನೂ. ಅವನು ಸಿಟ್ಟಾಗಬಹುದು, ಮೋಸ ಎನ್ನಬಹುದು, ನಿಮ್ಮಪ್ಪ ಎಂದು ಶುರುಮಾಡಬಹುದು ಎಂದು ಎಲ್ಲಕ್ಕೂ ಎದೆ ಗಟ್ಟಿಮಾಡಿಕೊಂಡಿದ್ದಳು. ಚಕ್ರಪಾಣಿ ಸ್ಟಿಯರಿಂಗ್ ಹಿಡಿದು ಮುಂದಿನ ಕಾರಿನ ಕೆಂಪು ದೀಪವನ್ನೇ ನೋಡುತ್ತಿದ್ದ.

"ನಂಗೆ ಗೊತ್ತಿತ್ತು ಶ್ರೀ" ಎಂದ.

ಅವಳಿಗೆ ಅರ್ಥವಾಗಲಿಲ್ಲ.

"ಮದುವೆಯಾದ ಮೇಲೆ ಮೊದಲ್ನೇ ದೀಪಾವಳಿಗೆ ನಿಮ್ಮನೆಗೆ ಬಂದಿದ್ನಲ್ಲ. ಹಜಾರದಲ್ಲಿ ಮಲಗಿ ಮೇಲೆ ನೋಡಿದೆ. ಹೆಂಚು, ಬಿದಿರಿನ ಗಳ. ಉಯ್ಯಾಲೆಗೆ ಒಂದು ಕೊಂಡಿನೂ ಇಲ್ಲ, ಕೊಂಡಿ ಹಾಕೋಕೆ ತೊಲೆನೂ ಇಲ್ಲ. ನಮ್ಮ ಬೀದೀಲೂ ಒಬ್ಬನಿಗೆ ಅಂಥದೇ ಕಾಲಿತ್ತು. ಗೊತ್ತಾಗದೆ ಏನು?"

"ಗೊತ್ತಿದ್ದೂ ಡಾಕ್ಟರಿಗೆ ಬಿದ್ಲು ಅಂದ್ರಲ್ಲ?"

"ನೀನೇ ಹೇಳಿರ್ಲಿಲ್ವಲ್ಲ. ನಾನಾಗಿ ಹೇಳಿದ್ರೆ ನಿಂಗೆ ಅವಮಾನ ಆಗುತ್ತೆ, ನಿಮ್ಮಪ್ಪನ್ನ ಸುಳ್ಳುಗಾರ ಮಾಡಿದ ಹಾಗಾಗುತ್ತೆ ಅಂತ. ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ನಂಗೇನು ಗೊತ್ತು?"

ಹೊರಗೆ ನೀರು ಬೂದಿಬಣ್ಣಕ್ಕಿತ್ತು. ಶ್ರೀವಿದ್ಯಾ ತನ್ನ ಜೀವಮಾನವೆಲ್ಲ ಒಬ್ಬನಿಂದ ಬಚ್ಚಿಟ್ಟದ್ದು ಅವನ ಜೇಬಿನಲ್ಲೇ ಇತ್ತು. ಅವಳು ಅವನಿಗೆ ನೋವಾಗಬಾರದೆಂದು ಬಾಯಿ ಮುಚ್ಚಿದಳು, ಅವನು ಅವಳಿಗೆ ನೋವಾಗಬಾರದೆಂದು ಬಾಯಿ ತೆರೆದ. ನಡುವೆ ಕಾಲು ಹೋಯಿತು. ಕೃತಜ್ಞತೆ ಹುಟ್ಟಬೇಕಿತ್ತೇನೋ. ಅವಳಿಗೆ ಹುಟ್ಟಿದ್ದು ಸಿಟ್ಟು. ಆ ಬೆಟ್ಟದ ಏರಿನಲ್ಲಿ ಮೊಣಕೈ ಹಿಡಿದು ಇನ್ನೊಂಚೂರು ಎನ್ನುತ್ತಿದ್ದವನಿಗೆ ಗೊತ್ತಿತ್ತು!

ಕಾರುಗಳು ಮೆಲ್ಲಗೆ ಹೊರಟವು. ಚಕ್ರಪಾಣಿ ಗೇರು ಹಾಕಿ, "ಒಂದ್ ಮಾತು ಶ್ರೀ. ಈಗ್ಲೇ ಯಾರಿಗೂ ಹೇಳೋದು ಬೇಡ. ಜಾನೂ ಮದುವೆ ಮುಗೀಲಿ. ಬೀಗರು ಏನಂದ್ಕೋತಾರೋ" ಎಂದ. ಈ ಬೆಟ್ಟಗಳ ಮೇಲಿನ ಜನಕ್ಕೆ ಪೋಲಿಯೋ ಎಂದರೆ ಇವತ್ತು ಯಾರೂ ಹುಬ್ಬು ಕೂಡ ಏರಿಸರು. ಆದರೆ ಭಯಕ್ಕೆ ವೀಸಾ ಬೇಕಾಗುವುದಿಲ್ಲ, ಅದು ಚಾಮುಂಡಿಪುರದಿಂದ ಇವರ ಸೂಟ್‌ಕೇಸಿನಲ್ಲೇ ಬಂದಿತ್ತು.

ಮದುವೆ ಬೇಸಿಗೆಯಲ್ಲಿ ದೇವಸ್ಥಾನದ ಸಭಾಂಗಣದಲ್ಲಿ ನಡೆಯಿತು. ಹಸಿರು ರೇಷ್ಮೆಸೀರೆ ಉಟ್ಟು ಗಾಲಿಕುರ್ಚಿಯಲ್ಲಿ ಕೂತ ಶ್ರೀವಿದ್ಯಾ ಒಂದು ಹೊಸ ವಿಷಯ ಕಲಿತಳು: ಕುರ್ಚಿಗೆ ಇಳಿದ ಮೇಲೆ ಮಾತುಗಳು ತಲೆಯ ಮೇಲಿಂದ ಹಾದುಹೋಗುತ್ತವೆ. "ಅವ್ರಿಗೆ ಕಾಫಿ ಕೊಡ್ಬಹುದಾ?" ಎಂದು ಜನ ಚಕ್ರಪಾಣಿಯನ್ನು ಕೇಳುತ್ತಿದ್ದರು. "ಅವ್ರಿಗೆ ಚಳಿ ಆಗ್ತಿಲ್ವಾ?" ಎಂದು ಜಾಹ್ನವಿಯನ್ನು ಕೇಳುತ್ತಿದ್ದರು. ಧಾರೆಯ ಹೊತ್ತು ಬಂತು. ಎಲ್ಲರೂ ಎದ್ದು ನಿಂತು ಅಕ್ಷತೆ ಹಿಡಿದರು. ಮಗಳು ಅಳಿಯ ಅವಳ ಎತ್ತರಕ್ಕೆ ಕೈ ಬರಲೆಂದು ಬಗ್ಗಿದರು. ಗಿಂಡಿಯಿಂದ ನೀರು ಬಿಡುವಾಗ ಅವಳು ಒಮ್ಮೆ ಏಳಲು ನೋಡಿದಳು. ಚಕ್ರಪಾಣಿಯ ಕೈ ಅವಳ ಹೆಗಲ ಮೇಲೆ ಬಂದು ಮೆತ್ತಗೆ ಕೆಳಗೊತ್ತಿತು. ನೀರಿನ ಅರ್ಧ ಅವಳ ಸೀರೆಯ ಮೇಲೇ ಬಿತ್ತು.

ಊಟದ ನಂತರ ಬೀಗಿತ್ತಿ, ಸುಹಾಸನ ತಾಯಿ ಜಾನಕಿ, ಮೈಸೂರಿನಿಂದ ಬಂದ ತಮ್ಮ ನೆಂಟರನ್ನು ಕರೆತಂದು ಪರಿಚಯ ಮಾಡಿಸಿದರು. ಒಳ್ಳೆಯ ಹೆಂಗಸು, ಬಾಯಿ ತುಂಬ ಮಾತು. ನೆಂಟರಲ್ಲೊಬ್ಬರು ಕುರ್ಚಿಯನ್ನೊಮ್ಮೆ ನೋಡಿ, ಚಕ್ರಪಾಣಿಯ ಕಡೆ ಬಾಗಿ, "ಏನಾಗಿದೆ ಪಾಪ ಇವ್ರಿಗೆ?" ಎಂದರು.

"ಏನಿಲ್ಲ, ಚಿಕ್ಕೋಳಿದ್ದಾಗ ಉಯ್ಯಾಲೆಯಿಂದ ಬಿದ್ದಿದ್ಲು" ಎಂದ ಚಕ್ರಪಾಣಿ. "ವಯಸ್ಸಾದ ಮೇಲೆ ಮತ್ತೆ ತೊಂದರೆ ಕೊಡ್ತಿದೆ, ಅಷ್ಟೇ."

ಅಷ್ಟೇ ಎಂಬುದನ್ನು ಅವನು ಅವಳ ಅಪ್ಪ ಹೇಳಿದ ಹಾಗೇ ಹೇಳಿದ. ಶ್ರೀವಿದ್ಯಾಳ ಒಳಗೆ ಏನೋ ಎದ್ದು ನಿಂತಿತು, ಕಾಲಿಲ್ಲದಿದ್ದರೂ.

"ನಾನು ಬಿದ್ದಿಲ್ಲ" ಎಂದಳು.

ಗಟ್ಟಿಯಾಗಿಯೇ ಹೇಳಿದಳು. ನಾದಸ್ವರ ನಿಂತಿತ್ತು, ಸುತ್ತಲಿದ್ದ ಎಲ್ಲರಿಗೂ ಕೇಳಿಸಿತು. "ನಾನು ಯಾವತ್ತೂ ಉಯ್ಯಾಲೆಯಿಂದ ಬಿದ್ದಿಲ್ಲ. ನಂಗೆ ಪೋಲಿಯೋ ಆಗಿತ್ತು. ಇವ್ರಿಗೂ ಗೊತ್ತು."

ಎಲ್ಲರೂ ಕೇಳಿಸಿಕೊಂಡರು. ಕೇಳಿಸಿಕೊಂಡು, ಎಲ್ಲರ ಮುಖಗಳೂ ಒಟ್ಟಿಗೆ ತಿರುಗಿದವು. ಅವಳ ಕಡೆಗಲ್ಲ. ಇದು ನಿಜವೇ ಎಂದು ಕೇಳುವ ಹಾಗೆ ಜಾನಕಿ, ಜಾನಕಿಯ ನೆಂಟರು, ಆಗಷ್ಟೇ ಅರಿಸಿನದ ಕೈ ತೊಳೆದು ಬಂದ ಮಗಳು, ಎಲ್ಲರೂ ಚಕ್ರಪಾಣಿಯನ್ನು ನೋಡಿದರು. ಅವನು ಅವಳನ್ನೊಮ್ಮೆ ನೋಡಿದ, ಬೀಗಿತ್ತಿಯನ್ನೊಮ್ಮೆ ನೋಡಿದ. ಅವನ ಕಣ್ಣಲ್ಲಿ ನೀರಿತ್ತು. ಇದ್ದದ್ದು ನಿಜ.

"ಪಾಪ, ಬೆಳಗ್ಗೆಯಿಂದ ಕೂತು ಕೂತು ಸುಸ್ತಾಗಿದೆ ಅವ್ಳಿಗೆ" ಎಂದ. "ಮಾತ್ರೆ ಬೇರೆ."

"ಹೌದೌದು, ಹೆಣ್ಣು ಕೊಟ್ಟ ಸಂಕಟ ನೋಡಿ" ಎಂದರು ಜಾನಕಿ, ಮರುಕದಿಂದ. ಜಾಹ್ನವಿ ಬಗ್ಗಿ ಅಮ್ಮನ ಕೆನ್ನೆ ಸವರಿ, "ಯು ಆರ್ ಜಸ್ಟ್ ಟಯರ್ಡ್, ಅಮ್ಮಾ" ಎಂದಳು. ಚಕ್ರಪಾಣಿ ಕುರ್ಚಿಯ ಹಿಂದೆ ಬಂದು ಬ್ರೇಕು ತೆಗೆದ. ಅವಳು ಗಾಲಿಯನ್ನು ಕೈಯಲ್ಲಿ ಹಿಡಿದು ತಡೆಯಲು ನೋಡಿದಳು. ಕೈ ಜಾರಿತು. ಅವನು ಅವಳನ್ನು ಜೋ‌ಪಾನವಾಗಿ, ಯಾರ ಕಾಲಿಗೂ ತಾಗದ ಹಾಗೆ, ಸಭಾಂಗಣದ ಆ ತುದಿಯ ಕಿಟಕಿಯ ಬಳಿ ತಳ್ಳಿಕೊಂಡು ಹೋಗಿ, ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ. ಶಾಲನ್ನು ಮಂಡಿಯ ಮೇಲೆ ಹೊದಿಸಿದ.

"ಇಲ್ಲಿ ಗಲಾಟೆ ಇಲ್ಲ, ಆರಾಮಾಗಿರು" ಎಂದು ಹೇಳಿ, ಬೀಗರನ್ನು ನೋಡಿಕೊಳ್ಳಲು ಹೋದ.